ಮೂಲೆ ವಾಲ್ವಿನ ಹದಿಮೂರು ಸುತ್ತು

೧೯-೧-೧೯೯೮, ಸೋಮವಾರ

ಕೆಲಸಕ್ಕೆ ಸೇರಿ ಇವತ್ತಿಗೆ ಆರು ದಿನ. ರಸ್ತೆಯ ವಾಲ್ವ್ ಗುಂಡಿಗೆ ಮುಚ್ಚಳ ಹಾಕಿದ್ದೀವೋ ಇಲ್ಲವೋ ಅಂತ ಎರಡು ಸಲ ಸೈಕಲ್ ತಿರುಗಿಸಿಕೊಂಡು ಹೋಗಿ ನೋಡಿ ಬಂದೆ. ಹಾಕಿತ್ತು. ಎರಡು ಸಲವೂ ಹಾಕಿತ್ತು. ಆದರೂ ಉಪ್ಪಿಟ್ಟು ತಿನ್ನುವಾಗ ಯಾರೋ ಹೆಂಗಸು ಆ ಗುಂಡಿಗೆ ಕಾಲಿಟ್ಟ ಹಾಗೇ ಕಣ್ಣಿಗೆ ಕಟ್ಟುತ್ತಿತ್ತು. ಅವ್ವ, "ಏನೋ ಜಯ, ತುತ್ತು ಕೈಲೇ ಇಟ್ಕೊಂಡು ಯಾವ ಲೋಕದಲ್ಲಿದ್ದೀಯ?" ಅಂದಳು.

ಅಪ್ಪ ಇದೇ ನೀರಿನ ಆಫೀಸಿನಲ್ಲಿ ಮೀಟರ್ ಓದುತ್ತಿದ್ದರು. ಅವರು ಹೋದ ಮೇಲೆ ಅನುಕಂಪದ ಮೇಲೆ ನನಗೆ ಕೊಟ್ಟಿದ್ದಾರೆ. ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟವನಿಗೆ ಇನ್ನೇನು ಕೊಟ್ಟಾರು? ವಾಲ್ವ್‌ಮನ್ ಕೆಲಸ. ರಸ್ತೆ ಕೆಳಗಿನ ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಡೋದು. ಎರಡು ವರ್ಷ ತಪ್ಪಿಲ್ಲದೆ ಮಾಡಿದರೆ ಖಾಯಂ. ತಪ್ಪಾದರೆ? ಅದನ್ನು ಯಾರೂ ಹೇಳಲಿಲ್ಲ, ಅದೇ ಭಯ.

ಅಗ್ರಹಾರದ ಕಡೆ ಸಣ್ಣಮಾದಯ್ಯ ಅನ್ನುವವನ ಜೊತೆ ಹಾಕಿದ್ದಾರೆ. ಅರವತ್ತು ದಾಟಿದ್ದಾನೆ. ಮೂವತ್ತೆರಡು ವರ್ಷದಿಂದ ದಿನಗೂಲಿಯಲ್ಲೇ ಇದ್ದಾನಂತೆ. ವಾಲ್ವು ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀ ಒಂದು, ಉದ್ದದ ಸಲಾಕೆ ಒಂದು, ಎರಡನ್ನೂ ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ. ನನ್ನನ್ನು "ಸ್ವಾಮಿ" ಅನ್ನುತ್ತಾನೆ. "ಸ್ವಾಮಿ, ದೂರ ನಿಂತ್ಕಳಿ, ಮುಚ್ಚಳ ಕಾಲ್ಮೇಲೆ ಬಿದ್ದಾತು" ಅನ್ನುತ್ತಾನೆ. ಆರು ದಿನದಿಂದ ದೂರವೇ ನಿಂತಿದ್ದೇನೆ.

೨೭-೧-೧೯೯೮

ಶಿವಕುಮಾರ್ ಸಾಹೇಬರು ಕರೆದರು. ನಮ್ಮ ಸೆಕ್ಷನ್ನಿನ ಇಂಜಿನಿಯರು. ಬೈಯೋಕೇ ಕರೆದಿದ್ದಾರೆ ಅಂದುಕೊಂಡು ಹೋದೆ. ಬೈಗುಳವೇನೂ ಇರಲಿಲ್ಲ.

"ಅಗ್ರಹಾರದಲ್ಲಿ ನಲವತ್ತೊಂದು ವಾಲ್ವ್ ಇದೆ ಕಣಯ್ಯ. ಯಾವುದನ್ನ ಎಷ್ಟು ತಿರುಗಿಸಬೇಕು ಅಂತ ಆಫೀಸಲ್ಲಿ ಒಂದು ಚೀಟಿನೂ ಇಲ್ಲ. ಎಲ್ಲ ಆ ಮುದುಕನ ತಲೇಲಿದೆ. ನಾಳೆ ಅವನು ಬಿದ್ದುಹೋದ್ರೆ? ನೀನು ಜೊತೆಗಿದ್ದು ಸುತ್ತು ಎಣಿಸಿ ಬರ್ಕೊಂಡು ಬಾ. ಚಾರ್ಟ್ ಮಾಡೋಣ. ಅವನಿಗೆ ಹೇಳ್ಬೇಡ, ಹೇಳಿದ್ರೆ ಬೇಕಂತಲೇ ತಪ್ಪು ಹೇಳ್ತಾನೆ."

ಆಮೇಲೆ, "ನಿನ್ನ ರಿಪೋರ್ಟ್ ಬರೆಯೋನು ನಾನೇ" ಅಂತ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

೪-೨-೧೯೯೮

ಮನಸ್ಸಿನಲ್ಲೇ ಎಣಿಸುವುದು ಕಷ್ಟ. ಮಧ್ಯೆ ಯಾರಾದರೂ ಮಾತಾಡಿಸಿದರೆ ಲೆಕ್ಕ ಹೋಯ್ತು. ಹೂವಿನ ಸಿದ್ದಲಿಂಗಮ್ಮ ಅಂತೂ ಬಾಗಿಲಲ್ಲೇ ಕಾಯ್ತಿರ್ತಾಳೆ. ಗುಡಿಗಳಿಗೆ ಹೂ ಕಟ್ಟಿಕೊಡುವ ಹೆಂಗಸು, ಬಾಯಿ ಮಾತಾಡುತ್ತಿದ್ದರೂ ಬೆರಳು ನಿಲ್ಲುವುದಿಲ್ಲ.

"ಏನ್ ಮಾದಯ್ಯ, ಇವತ್ತು ನೀರೂ ನಿನ್ ಥರಾನೇ ಕುಂಟ್ಕೊಂಡು ಬರ್ತಾ ಇದೆ?"

"ಕುಂಟ್ಕಂಡಾದ್ರೂ ಬತ್ತದಲ್ಲವ್ವ. ನಿಮ್ಮೆಜಮಾನ್ರು ಇದ್ದಾಗ ಸಂಜೆ ಹೋದೋರು ಬೆಳಗಾನ ಬತ್ತಿರನಿಲ್ಲ."

"ಥೂ, ಮುದಿ ಗೂಬೆ!" ಅಂತ ಅವಳು ನಕ್ಕು ಒಂದು ಮೊಳ ಸೇವಂತಿಗೆ ಅವನ ಕೀಗೆ ಸುತ್ತಿದಳು. ಅಷ್ಟರಲ್ಲಿ ನನ್ನ ಲೆಕ್ಕ ಏಳೋ ಎಂಟೋ ಮರೆತುಹೋಗಿತ್ತು.

ಇನ್ನೊಂದು ಚಿಂತೆ. ಮೊನ್ನೆ ಒಂದು ವಾಲ್ವನ್ನು ಹದಿಮೂರು ಸುತ್ತು ತಿರುಗಿಸಿದ. ಅದೇ ವಾಲ್ವನ್ನು ಇವತ್ತು ಹನ್ನೊಂದೂವರೆ. ಯಾವುದು ಬರೆಯಲಿ? "ಎಷ್ಟು ಸುತ್ತು ಮಾದಯ್ಯ?" ಅಂತ ಕೇಳಿಬಿಟ್ಟೆ.

"ಸಾಕಾಗೋಷ್ಟು" ಅಂದ.

೫-೨-೧೯೯೮

"ಸಾಕಾಗೋಷ್ಟು" ಅಂತ ಚಾರ್ಟಿನಲ್ಲಿ ಬರೆಯೋಕಾಗುತ್ತಾ?

೨೧-೨-೧೯೯೮

ಇವತ್ತು ಸಲಾಕೆ ನನ್ನ ಕೈಗೆ ಕೊಟ್ಟ. ಗುಂಡಿಯೊಳಗಿನ ವಾಲ್ವಿನ ತಲೆಗೆ ಒಂದು ತುದಿ ಊರಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳಬೇಕು. ದಿನಾ ಅವನು ಹಾಗೇ ಕೂತಿರುವುದನ್ನು ನೋಡಿದ್ದೆ. ಹಲ್ಲುನೋವಿನವನ ಹಾಗೆ ಮುಖ ಮಾಡಿಕೊಂಡು.

"ಕಣ್ಮುಚ್ಚು ಮಗ" ಅಂದ. ಸ್ವಾಮಿ ಅನ್ನಲಿಲ್ಲ. ಮರೆತ ಅಂತ ಕಾಣುತ್ತೆ.

"ಏನ್ ಕೇಳ್ತದೆ?"

"ಏನೂ ಇಲ್ಲ."

"ಇರ್ತದೆ. ನೀನು ಗಡಿಬಿಡೀಲಿದ್ದೀಯ. ನಿನ್ ಎದೇನೇ ನಿಂಗೆ ಕೇಳ್ತಾ ಅದೆ. ಅದು ಸುಮ್ಕಾಗಗಂಟ ಕುಂತ್ಕೊ."

ಕೂತೆ. ಸುಮ್ಮನಾಗಲಿಲ್ಲ. ಮೊಣಕಾಲು ಜೋಮು ಹಿಡಿಯಿತು. ಬಾಂಬೆ ಮಿಠಾಯಿಯವನ ಗಂಟೆ ಕೇಳಿಸಿತು, ಅದು ರಸ್ತೆಯದು. "ಬುಡು, ಇನ್ನೊಂದಿನ ಕೇಳ್ತದೆ. ನಂಗೆ ನಾಕು ವರ್ಸ ಆತು" ಅಂದ. ನಾಲ್ಕು ವರ್ಷ! ನನಗಿರುವುದೇ ಎರಡು.

೨೩-೨-೧೯೯೮

ದೊಡ್ಡಾಸ್ಪತ್ರೆಗೆ ಹೋಗಿ ಕಿವಿ ತೋರಿಸಿದೆ. ಕಿವಿಯಲ್ಲಿ ಏನೂ ತೊಂದರೆ ಇಲ್ಲವಂತೆ. ಡಾಕ್ಟರು ಸರಿಯಾಗಿ ನೋಡಿದರೋ ಇಲ್ಲವೋ. ಎರಡು ನಿಮಿಷವೂ ನೋಡಲಿಲ್ಲ.

೯-೩-೧೯೯೮

ನಲವತ್ತು ವಾಲ್ವು ಬರೆದಾಯಿತು. ಎರಡೆರಡು ಲೆಕ್ಕ ಬಂದಲ್ಲಿ ದೊಡ್ಡದನ್ನು ಬರೆದೆ, ನೀರು ಕಡಿಮೆ ಅಂತ ಯಾರೂ ಬಯ್ಯಬಾರದು ನೋಡಿ. ಉಳಿದಿರುವುದು ಗುರುಸಿದ್ದಯ್ಯನ ದಿನಸಿ ಅಂಗಡಿ ಮುಂದಿನ ಮೂಲೆ ವಾಲ್ವು ಒಂದೇ. ಅದರ ಕೆಳಗೆ ಮಹಾರಾಜರ ಕಾಲದ ಎರಕದ ಕಬ್ಬಿಣದ ಪೈಪು ಇದೆಯಂತೆ. ಹದಿಮೂರು ಸುತ್ತು ಅನ್ನುವುದು ಖಚಿತ. ಆದರೆ ಅದರಲ್ಲಿ ಒಂದು ಸಂಕಟ.

ಅಲ್ಲಿ ಅವನು ಎರಡು ಸುತ್ತು ತಿರುಗಿಸಿ, ಕೀ ಹಾಗೇ ಬಿಟ್ಟು, ಅಂಗಡಿ ಜಗಲಿ ಮೇಲೆ ಕೂತು ಬೀಡಿ ಹಚ್ಚುತ್ತಾನೆ. ಬೀಡಿ ಮುಗಿದ ಮೇಲೆ ಉಳಿದ ಹನ್ನೊಂದು. ಇವತ್ತು ವಾಚು ನೋಡಿದೆ, ಆರು ನಿಮಿಷ. ಮೊನ್ನೆ ನೀರು ನಿಂತಿದ್ದ ಮರುದಿನ ಎರಡು ಬೀಡಿ ಸೇದಿದ. ಗುರುಸಿದ್ದಯ್ಯ ಶಟರ್ ಎತ್ತುತ್ತಾ, "ಮಾದಯ್ಯಂದು ಧೂಪ ಆದ್ಮೇಲೇನೇ ಗಂಗಮ್ಮ ಬರೋದು" ಅಂತ ಹಾಸ್ಯ ಮಾಡಿದರು.

ಇದನ್ನು ಬರೆಯಲೇ? "೨ ಸುತ್ತು, ಬೀಡಿ, ೧೧ ಸುತ್ತು" ಅಂತ ಬರೆದರೆ ಸಾಹೇಬರು ಏನಂದುಕೊಂಡಾರು? ಡ್ಯೂಟಿಯಲ್ಲಿ ಕೂತು ಬೀಡಿ ಸೇದುತ್ತಾನೆ ಅಂತ ಅವನ ಕೂಲಿ ಹಿಡಿದಾರು. ಪಾಪ, ವಯಸ್ಸಾದವನು. ಬರೆಯಲಿಲ್ಲ. ಬರೀ ೧೩ ಅಂತ ಬರೆದೆ. ಇದೊಂದು ವಿಷಯದಲ್ಲಾದರೂ ಇವತ್ತು ಮನಸ್ಸಿಗೆ ಸಮಾಧಾನ.

೧೬-೩-೧೯೯೮

ಆಫೀಸಿನ ಟೈಪಿಸ್ಟ್ ಸರ್ವಮಂಗಳಾ ಮೇಡಂ ಚಾರ್ಟ್ ಟೈಪ್ ಮಾಡಿಕೊಟ್ಟರು. ನನ್ನ ಕಾಗುಣಿತ ನೋಡಿ, "ಸುತ್ತುಗಳು ಅನ್ನೋದಕ್ಕೆ ಒತ್ತು ಕೊಡದೆ ಸುತುಗಳು ಅಂತ ಬರ್ದಿದ್ದೀಯಲ್ಲೋ" ಅಂತ ನಕ್ಕರು. ಸಾಹೇಬರು ಗ್ಲಾಸಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನನ್ನ ಬೆನ್ನು ತಟ್ಟಿದರು. ಅಪ್ಪ ಇದ್ದಿದ್ದರೆ ನೋಡುತ್ತಿದ್ದರು.

೨-೪-೧೯೯೮

ಅರವತ್ತು ದಾಟಿದ ದಿನಗೂಲಿಯವರು ಇನ್ನು ಮೇಲೆ ಬೇಡ ಅಂತ ನೋಟೀಸು ಹಾಕಿದ್ದಾರೆ. ನಮ್ಮ ಸೆಕ್ಷನ್ನಿನಲ್ಲಿ ಅಂಥವನು ಮಾದಯ್ಯ ಒಬ್ಬನೇ.

ಅವನು ನೋಟೀಸು ಓದಿಸಿಕೊಂಡ. ಆಮೇಲೆ ಗೋಡೆಯ ಮೇಲಿನ ಚಾರ್ಟ್ ಮುಂದೆ ನಿಂತ. ಓದು ಬರೋದಿಲ್ಲ, ಆದರೆ ಅಂಕಿ ಗೊತ್ತು. ಬೆರಳಿಟ್ಟು ಒಂದೊಂದೇ ಅಂಕಿ ನೋಡುತ್ತಾ ಕೆಳಗೆ ಬಂದ.

"ಇದ್ಯಾರು ಮಗ ಬರ್ದೋರು?"

"ಗೊತ್ತಿಲ್ಲ ಮಾದಯ್ಯ. ಸಾಹೇಬರು ಮಾಡಿಸಿರಬೇಕು."

ಬಾಯಿಂದ ಹೊರಟೇ ಹೋಯಿತು. ಅವನು "ಔದಾ" ಅಂದ. ಹೊರಗೆ ಬಂದು ಸಲಾಕೆ ನನ್ನ ಕೈಗೆ ಕೊಟ್ಟ. "ಕೀ ಆಪೀಸಿಂದು, ಒಳಗಿಟ್ಟಿವ್ನಿ. ಇದು ನಂದು. ಇಟ್ಕಳಿ ಸ್ವಾಮ್ಯೋರೆ." ನಲವತ್ತು ದಿನದಿಂದ ಮಗ ಅನ್ನುತ್ತಿದ್ದವನು.

ನೀರಿನ ಟ್ಯಾಂಕಿನ ಹತ್ತಿರ ಕಾವಲು ಕೆಲಸಕ್ಕಾದರೂ ಹಾಕಿಕೊಳ್ಳಿ ಅಂತ ಅರ್ಜಿ ಕೊಟ್ಟು ಹೋದನಂತೆ. ಸಿಗಬಹುದು. ಸಿಗಲಿ. ಸಿಕ್ಕಿದರೆ ಎಲ್ಲ ಸರಿಹೋಗುತ್ತೆ.

೩-೪-೧೯೯೮

ಹೇಳಿಬಿಡಬಹುದಿತ್ತು. "ನಾನೇ ಬರೆದೆ" ಅನ್ನೋದಕ್ಕೆ ಎಷ್ಟು ಹೊತ್ತು ಬೇಕು?

೧೧-೫-೧೯೯೮

ಮೊದಲಿಂದ ಬರೆಯುತ್ತೇನೆ.

ಪಂಪ್‌ಹೌಸಿನಲ್ಲಿ ಮೋಟಾರ್ ಕೆಟ್ಟು ಮೂರು ದಿನ ನೀರಿರಲಿಲ್ಲ. ಇವತ್ತು ಬೆಳಗ್ಗೆ ಬಿಡಬೇಕಿತ್ತು. ಐದೂಕಾಲಕ್ಕೆ ಮೂಲೆಗೆ ಹೋದರೆ ಬೀದಿ ತುಂಬಾ ಕೊಡ. "ಬೇಗ ಬಿಡಪ್ಪ, ಮಕ್ಕಳ ಮುಖ ತೊಳ್ದು ಮೂರು ದಿನ ಆಯ್ತು", "ಇವನಿಗೆ ಕೀ ಹಿಡಿಯೋಕೂ ಬರಲ್ಲ ಕಣ್ರೀ" ಅಂತ ನೂರು ಮಾತು. ಚಾರ್ಟ್ ಬಾಯಿಪಾಠ ಇತ್ತು. ಹದಿಮೂರು ಸುತ್ತು, ಒಂದೇ ಉಸಿರಿಗೆ ತಿರುಗಿಸಿದೆ.

ಮೊದಲು ಪೈಪಿನೊಳಗೆ ಯಾರೋ ಗುದ್ದಿದ ಹಾಗಾಯಿತು. ಆಮೇಲೆ ಸಿದ್ದಲಿಂಗಮ್ಮನ ಮನೆ ಮುಂದೆ ರಸ್ತೆ ಉಬ್ಬಿತು. ಡಬ್ ಅಂತ ಒಡೆದು ನೀರು ತಾರಸಿ ಎತ್ತರಕ್ಕೆ ಎದ್ದಿತು. ನಾನು ಮುಚ್ಚುವಷ್ಟರಲ್ಲಿ ಮಣ್ಣಿನ ಗೋಡೆ ನೆನೆದು, ಬೀದಿ ಕಡೆಯ ಅರ್ಧ ಗೋಡೆ ಕುಸಿಯಿತು. ಅವಳು ಕೊಡ ಹಿಡಿದು ಹೊಸಿಲಲ್ಲಿದ್ದಳು. ಬಲಗೈ ಮಣಿಕಟ್ಟು ಮುರಿದಿದೆ. ಹೂ ಕಟ್ಟುವ ಕೈ.

ಆಟೋಗೆ ಹತ್ತಿಸುವಾಗ ನನ್ನನ್ನು ಬಯ್ಯಲಿಲ್ಲ. "ಮಾದಯ್ಯ ಇದ್ದಿದ್ರೆ..." ಅಂತ ಅರ್ಧ ಹೇಳಿ ಹಲ್ಲು ಕಚ್ಚಿಕೊಂಡಳು.

೧೩-೫-೧೯೯೮

ಕೆಲಸ ಹೋಯಿತು ಅಂತಲೇ ಸಾಹೇಬರ ಮುಂದೆ ನಿಂತೆ.

"ಚಾರ್ಟ್ ಪ್ರಕಾರ ಮಾಡಿದ್ಯೋ ಇಲ್ವೋ?"

"ಮಾಡ್ದೆ ಸಾರ್."

"ಹಾಗಾದ್ರೆ ನಿಂದೇನು ತಪ್ಪು? ಮಾಹಿತಿ ಕೊಟ್ಟೋನ ತಪ್ಪು."

ಸರ್ವಮಂಗಳಾ ಮೇಡಂ ಟೈಪ್ ಮಾಡಿದ ಕಾಗದ ತಂದಿಟ್ಟರು. ಸದರಿ ವಾಲ್ವಿನ ಬಗ್ಗೆ ಹಿಂದಿನ ದಿನಗೂಲಿ ನೌಕರನಾದ ಸಣ್ಣಮಾದಯ್ಯನು ಸರಿಯಾದ ಮಾಹಿತಿ ನೀಡದೆ ಇದ್ದುದರಿಂದ ಈ ಅವಘಡ ಸಂಭವಿಸಿರುತ್ತದೆ ಅಂತ. ಕೆಳಗೆ ನನ್ನ ಹೆಸರು, ಮೃತ್ಯುಂಜಯ, ವಾಲ್ವ್‌ಮನ್.

ಅವನು ಯಾವ ಮಾಹಿತಿ ಕೊಟ್ಟ? ನಾನಾಗಿ ಕದ್ದು ಎಣಿಸಿದ್ದು. ಬೀಡಿ ವಿಷಯ ಬಿಟ್ಟವನೂ ನಾನೇ. ಎಲ್ಲ ನಾಲಿಗೆ ತುದಿಯಲ್ಲಿತ್ತು. ಸಾಹೇಬರು ಪೆನ್ನಿನ ಟೋಪಿ ತೆಗೆದು ನನ್ನ ಕಡೆ ಚಾಚಿದರು. ತೆಗೆದ ಪೆನ್ನನ್ನು ಅವರು ಎಷ್ಟು ಹೊತ್ತು ಹಿಡಿದುಕೊಂಡಿರಬೇಕು ಅಂತ ಅನ್ನಿಸಿತು. ಸಹಿ ಹಾಕಿದೆ.

ಅವ್ವನಿಗೆ ಕೆಲಸ ಉಳಿಯಿತು ಅಂತ ಮಾತ್ರ ಹೇಳಿದೆ. ಅವಳು ನಂಜುಂಡೇಶ್ವರನಿಗೆ ಕೈಮುಗಿದಳು.

೨೪-೫-೧೯೯೮, ಭಾನುವಾರ

ನಜರ್‌ಬಾದಿನ ಹಿಂದಿನ ಓಣಿಯಲ್ಲಿ ಮಾದಯ್ಯನವರ ಮನೆ ಹುಡುಕಿಕೊಂಡು ಹೋದೆ. ಒಡೆದ ಕಡೆ ಹೊಸ ಪೈಪು ಹಾಕಿದ್ದಾರೆ, ಆದರೆ ಮುಂದಕ್ಕೆ ಹಳೆಯದೇ ಇದೆ, ಅದೂ ಒಡೆದರೆ? ಕೇಳಲೇಬೇಕಿತ್ತು. ಎಲ್ಲವನ್ನೂ ಹೇಳಿಬಿಡಬೇಕು ಅಂತಲೂ ಇತ್ತು.

ಮಾದಯ್ಯ ಅಂಗಳದಲ್ಲಿ ಹಳೇ ಕೊಡಕ್ಕೆ ಡಾಂಬರು ಮೆತ್ತುತ್ತಾ ಕೂತಿದ್ದರು. ಎದ್ದು ನಿಂತು, "ಬನ್ನಿ ಸ್ವಾಮ್ಯೋರೆ" ಅಂದು ಮಣೆ ಕೊಟ್ಟರು. ಮಗಳು ಚಾಮುಂಡೇಶ್ವರಿ ಲೋಟದಲ್ಲಿ ನೀರು ತಂದು, ಕುಡೀತಾರೋ ಇಲ್ಲವೋ ಅಂತ ಬಾಗಿಲಲ್ಲೇ ನಿಂತಿದ್ದಳು. ಕುಡಿದೆ.

"ಆ ಮೂಲೇಲಿ ಎರಡು ಸುತ್ತು ಬಿಟ್ಟು ಬೀಡಿ ಸೇದ್ತಿದ್ರಲ್ಲ, ಯಾಕೆ?" ಅಂದೆ.

ನನ್ನ ಮುಖವನ್ನೇ ನೋಡಿದರು. "ಗಾಳಿ ಓಗ್ಲಿ ಅಂತ. ಖಾಲಿ ಪೈಪ್ ತುಂಬ ಗಾಳಿ ಇರ್ತದೆ, ಎಷ್ಟು ದಿನ ಖಾಲಿಯೋ ಅಷ್ಟು ಜಾಸ್ತಿ. ನೀರು ನುಗ್ಗುಸುದ್ರೆ ಅದು ಎಲ್ಲಿಗೋಗ್ಬೇಕು? ಗುದ್ದುತದೆ. ವಸಿ ನೀರು ಬುಟ್ಟು ಕಾದ್ರೆ ಮನೆ ನಲ್ಲೀಲೆಲ್ಲ ಬುಸ್ ಅಂತ ಆಚ್ಗೆ ಓಯ್ತದೆ."

"ಮತ್ತೆ ಬೀಡಿ?"

"ಡಾಕ್ಟ್ರು ಸೇದ್ಬೇಡ ಅಂತ ಬೈದವ್ರೆ. ಸೇದೋಕಲ್ಲ ಸ್ವಾಮ್ಯೋರೆ. ಸುಮ್ಕೆ ಕುಂತ್ರೆ, ಯಾಕೋ ಕುಂತೆ, ನೀರು ಬುಡೋ ಅಂತ ಬೀದಿ ಎಲ್ಲ ಮೈಮೇಲೆ ಬೀಳ್ತದೆ. ಬೀಡಿ ಹಚ್ಚುದೋನ್ನ ಯಾರೂ ಕೇಳಕಿಲ್ಲ."

"ಎಷ್ಟು ಹೊತ್ತು ಕಾಯ್ಬೇಕು?"

"ಅದನ್ನ ನಾನೆಂಗೆ ಯೋಳ್ಲಿ? ಗಾಳಿ ಓಗಗಂಟ."

ಆಗ ಹೇಳಬಹುದಿತ್ತು. ಚಾರ್ಟ್, ಸಹಿ, ಎರಡನ್ನೂ. ಚಾಮುಂಡೇಶ್ವರಿ ಒಳಗಿಂದ, "ಅಪ್ಪಯ್ಯ, ಕಾವಲ್ ಕೆಲ್ಸದ್ದು ಏನಾತು ಅಂತ ಕೇಳು ಅವ್ರುನ್ನ" ಅಂದಳು. ಅವರು, "ಸುಮ್ಕಿರವ್ವ, ಮನೆಗ್ ಬಂದೋರ್ನ ಕೇಳ್ಬಾರ್ದು" ಅಂದರು. ನಾನು ಸೈಕಲ್ ಸ್ಟ್ಯಾಂಡು ತೆಗೆದೆ.

೬-೬-೧೯೯೮

ಮೂಲೆ ವಾಲ್ವಿಗೆ ಎರಡು ಸುತ್ತು ಬಿಟ್ಟು ಕೂರುತ್ತಿದ್ದೇನೆ. ಬೀಡಿ ನನಗೆ ಕೆಮ್ಮು. ಪೇಪರ್ ಓದುವವನ ಹಾಗೆ ಮಾಡುತ್ತೇನೆ. "ಕೂತ್ಕೊಂಡೇ ಸಂಬಳ ತಗೊಳ್ಳೋ ಕೆಲಸ ಬೆಳಗ್ಗೆ ಬೆಳಗ್ಗೆನೇ ಶುರು ಮಾಡ್ಕೊಂಡ್ಯಾ?" ಅಂತ ಗುರುಸಿದ್ದಯ್ಯ ಕೇಳಿದರು. ಕೇಳಲಿ.

ಚಾರ್ಟಿಗೂ ನನಗೂ ಒಂದು ದಿನವೂ ಹೊಂದುತ್ತಿಲ್ಲ. ಇವತ್ತು ಹನ್ನೊಂದಕ್ಕೇ ಕೀ ಒಂದು ಥರಾ ಗುಂಯ್ ಅಂದಿತು, ನಿಲ್ಲಿಸಿಬಿಟ್ಟೆ. ಮೊನ್ನೆ ಹದಿನಾಲ್ಕಾಯಿತು. ಮೇಲಿನ ಬೀದಿಯಿಂದಲೂ ಯಾರೂ ಕಂಪ್ಲೇಂಟ್ ಕೊಡಲಿಲ್ಲ, ಅದೃಷ್ಟ. ನನ್ನ ಕೈ ಸ್ಥಿರವಿಲ್ಲ. ಇದನ್ನು ಸಾಹೇಬರು ನೋಡಿದರೆ ಏನು ಹೇಳಲಿ?

೩೦-೬-೧೯೯೮

ಸರ್ವಮಂಗಳಾ ಮೇಡಂ ಹೇಳಿದರು. ಮಾದಯ್ಯನವರ ಅರ್ಜಿ ವಾಪಸ್ಸು ಬಂದಿದೆ. ಅವಘಡದ ರಿಪೋರ್ಟಿನಲ್ಲಿ ಹೆಸರಿದೆ, ಆದ್ದರಿಂದ ಆಗಲ್ಲ ಅಂತ ಬರೆದಿದ್ದಾರಂತೆ.

ರಾತ್ರಿ ಒಂದು ಹಾಳೆ ತೆಗೆದುಕೊಂಡು ಕೂತೆ.

೩-೭-೧೯೯೮

ಮೂರು ರಾತ್ರಿ ಕೂತು ಒಂದು ಪುಟ ಬರೆದೆ. ಚಾರ್ಟ್ ಬರೆದದ್ದು ನಾನು, ಕಾಯುವ ವಿಷಯ ಬಿಟ್ಟಿದ್ದು ನಾನು, ಮಾದಯ್ಯನವರನ್ನು ಯಾರೂ ಏನೂ ಕೇಳಿಯೇ ಇಲ್ಲ ಅಂತ. ಕಾಗುಣಿತ ತಿದ್ದಿಸೋಣ ಅಂತ ಮೇಡಂಗೆ ಕೊಟ್ಟೆ. ಅವರು ನಿಂತುಕೊಂಡೇ ಓದಿದರು. ಆ ಕಡೆ ಈ ಕಡೆ ನೋಡಿ ನಾಲ್ಕು ಮಡಿಕೆ ಮಡಿಸಿ ನನ್ನ ಜೇಬಿಗೇ ತುರುಕಿದರು.

"ಫೈಲು ಮೇಲಿನ ಆಫೀಸಿಗೆ ಹೋಗಿ ಮುಗಿದುಹೋಯ್ತು ಕಣಪ್ಪ. ಇದನ್ನ ಕೊಟ್ರೆ ಅವರ ಕೆಲಸ ಬರಲ್ಲ, ನಿನ್ನದು ಹೋಗುತ್ತೆ. ನಿಮ್ಮಮ್ಮನ ಮುಖ ನೋಡು."

ಅವರು ಹಾಗೆ ಹೇಳಲಿ ಅಂತಲೇ ಅವರಿಗೆ ಕೊಟ್ಟೆನೇ? ನೇರ ಸಾಹೇಬರ ಟೇಬಲ್ಲಿನ ಮೇಲೆ ಇಡಬಹುದಿತ್ತು. ಐದು ಹೆಜ್ಜೆ. ಕಾಗುಣಿತವಂತೆ, ಕಾಗುಣಿತ.

೧೮-೭-೧೯೯೮

ಸಿದ್ದಲಿಂಗಮ್ಮನ ಕೈಕಟ್ಟು ಬಿಚ್ಚಿದ್ದಾರೆ. ಬೆರಳು ಮಡಿಸೋಕೆ ಬರುತ್ತೆ, ದಾರ ಬಿಗಿಯೋಕೆ ಬರೋದಿಲ್ಲ. ಅವಳನ್ನು ನೋಡಿಕೊಂಡು ಹೋಗೋಕೆ ಅಂತ ಇವತ್ತು ಬೆಳಗ್ಗೆ ಮಾದಯ್ಯನವರು ಬಂದಿದ್ದರು. ನನಗೆ ಗೊತ್ತಿರಲಿಲ್ಲ. ನಾನು ಮೂಲೆಯಲ್ಲಿ ಎರಡು ಸುತ್ತು ಬಿಟ್ಟು ಸಲಾಕೆಗೆ ಕಿವಿ ಕೊಟ್ಟು ಕೂತಿದ್ದೆ. ನೆನ್ನೆ ಕರೆಂಟಿಲ್ಲದೆ ಪಂಪು ನಿಂತಿತ್ತು, ಒಳಗೆ ಗಾಳಿ ಇನ್ನೂ ತುಂಬಾ ಇತ್ತು, ನೆಗಡಿಯಾದ ಮಗು ಉಸಿರಾಡಿದ ಹಾಗೆ ಸೊರ ಸೊರ ಅನ್ನುತ್ತಿತ್ತು. ಕಣ್ಣು ತೆರೆದರೆ ಎದುರಿಗೆ, ಗುರುಸಿದ್ದಯ್ಯನ ಅಂಗಡಿಯ ಕಂಬಕ್ಕೆ ಒರಗಿ ಅವರು.

ಅರ್ಜಿ ವಿಷಯ ಗೊತ್ತಾಗಿದೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಹೇಳುವ ಮಾತು ಸಿದ್ಧವಿತ್ತು, ಆ ಕಾಗದ ಬರೆದು ಬರೆದು ಬಾಯಿಪಾಠವೇ ಆಗಿತ್ತು. "ಆ ರಿಪೋರ್ಟಿಗೆ ಸಹಿ ಹಾಕಿದೋನು ನಾನೇ." ಎದ್ದೆ. ಆದರೆ ಅಷ್ಟರಲ್ಲಿ ಕೊಡದವರು ಸೇರಿಕೊಂಡರು, "ಎಷ್ಟೊತ್ತು ಕಾಯಿಸ್ತೀಯಯ್ಯ, ತಿರುಗ್ಸು" ಅಂತ ಒಬ್ಬ ಕೀಗೇ ಕೈ ಹಾಕಿದ. "ಮುಟ್ಬೇಡಿ!" ಅಂತ ಕೂಗಿಬಿಟ್ಟೆ. ನಾನು ಯಾರ ಮೇಲೂ ಹಾಗೆ ಕೂಗಿದವನಲ್ಲ. ಮಾದಯ್ಯನವರ ಮುಂದೆ ಬೇರೆ. ನಾಚಿಕೆಯಾಗಿ ಮತ್ತೆ ಕೂತು ಸಲಾಕೆ ಕಿವಿಗಿಟ್ಟುಕೊಂಡೆ. ಇನ್ನೂ ಬಿಡುವ ಹಾಗಿರಲಿಲ್ಲ.

ಸೊರ ಸೊರ ನಿಲ್ಲುವವರೆಗೆ ಕೂತೆ. ಎಷ್ಟು ಹೊತ್ತೋ, ವಾಚು ನೋಡಲಿಲ್ಲ. ಆಮೇಲೆ ಎದ್ದು ಉಳಿದದ್ದನ್ನು ತಿರುಗಿಸೋಕೆ ಕೀ ಹಿಡಿದು ತಲೆ ಎತ್ತಿದರೆ ಕಂಬದ ಹತ್ತಿರ ಅವರಿಲ್ಲ. ಬೀದಿ ತಿರುವಿನಲ್ಲಿ ಬೆನ್ನು ಕಾಣುತ್ತಿತ್ತು, ಅವಸರವಿಲ್ಲದೆ ಹೋಗುತ್ತಿದ್ದರು. ಕೀ ಬಿಟ್ಟು ಓಡಿದ್ದರೆ ಸಿಗುತ್ತಿದ್ದರು. ಬಿಟ್ಟರೆ ಆ ಮನುಷ್ಯ ತಿರುಗಿಸಿಬಿಡುತ್ತಿದ್ದ. ಬಿಡಲಿಲ್ಲ.

ನೀರು ಬಂತೋ ಇಲ್ಲವೋ ಅಂತ ನೋಡೋದಕ್ಕೂ ಅವರು ನಿಲ್ಲಲಿಲ್ಲ. ಮೂವತ್ತೆರಡು ವರ್ಷ ಬಿಟ್ಟ ನೀರು. ಅದು ಬರುವುದನ್ನೂ ನೋಡದೆ ಹೋಗಬೇಕಾದರೆ ನನ್ನ ಮೇಲೆ ಎಷ್ಟು ಬೇಸರ ಇರಬೇಕು.